ಗ್ರಂಥಾಲಯದ ಬಾಗಿಲು ತೆರೆದಿದೆ, ದಾರಿ ತೋರುವವರೆಲ್ಲಿ?

ಪ್ರತಿ ವರ್ಷ ಪ್ರವೇಶ ಪ್ರಕ್ರಿಯೆ ಮುಗಿದು ತರಗತಿಗಳು ಆರಂಭವಾಗುವ ಹೊತ್ತಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪರಿಚಿತ ದೃಶ್ಯವೊಂದು ಕಾಣಸಿಗುತ್ತದೆ. ಅರವತ್ತು, ಎಪ್ಪತ್ತು ಹೊಸ ವಿದ್ಯಾರ್ಥಿಗಳ ಗುಂಪು ಸಾಲಾಗಿ ಒಳಬರುತ್ತದೆ. ಚೀಲಗಳನ್ನು ಬಾಗಿಲ ಬಳಿಯೇ ಇರಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಎರವಲು ವಿಭಾಗ, ಪರಾಮರ್ಶನ ವಿಭಾಗ, ನಿಯತಕಾಲಿಕೆಗಳ ವಿಭಾಗ ಎಂದು ಒಂದೊಂದನ್ನೇ ದಾಟುತ್ತದೆ. ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ಎಷ್ಟು ದಂಡ ಎಂಬ ವಿವರಗಳನ್ನು ಸಿಬ್ಬಂದಿಯೊಬ್ಬರು ಹೇಳುತ್ತಾರೆ. ಹಿಂದೆ ನಿಂತವರಿಗೆ ಅದು ಕೇಳಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಗುಂಪು ಹೊರಬೀಳುತ್ತದೆ. ಗ್ರಂಥಾಲಯ ಪರಿಚಯ ಕಾರ್ಯಕ್ರಮ ನಡೆಯಿತು ಎಂಬ ಒಂದು ಸಾಲು, ಜತೆಗೊಂದು ಛಾಯಾಚಿತ್ರ ಕಡತ ಸೇರುತ್ತವೆ.

ಎರಡು ತಿಂಗಳ ಬಳಿಕ ಮೊದಲ ಅಸೈನ್‌ಮೆಂಟ್ ಬರೆಯಬೇಕಾಗಿ ಬಂದಾಗ ಅದೇ ವಿದ್ಯಾರ್ಥಿ ಗ್ರಂಥಾಲಯದ ಕಡೆ ತಿರುಗುವುದು ಅಪರೂಪ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಿಂದಿನ ವರ್ಷದ ನೋಟ್ಸ್, ಮೊಬೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವ ಪುಟ, ಈಚೆಗೆ ಕೃತಕ ಬುದ್ಧಿಮತ್ತೆ ಬರೆದುಕೊಡುವ ಉತ್ತರ ಇವೇ ಆತನ ಆಕರಗಳಾಗುತ್ತವೆ. ಗ್ರಂಥಾಲಯದಲ್ಲಿ ಪುಸ್ತಕಗಳಿವೆ, ಕಂಪ್ಯೂಟರುಗಳಿವೆ, ಪರದೆಯ ಆಚೆ ಸಾವಿರಾರು ವಿದ್ವತ್ ಪತ್ರಿಕೆಗಳೂ ಇವೆ. ಇವುಗಳಿಗೂ ಹೊಸ ವಿದ್ಯಾರ್ಥಿಗೂ ನಡುವೆ ಇರಬೇಕಾದ ಮನುಷ್ಯನ ಜಾಗ ಮಾತ್ರ ಬಹುತೇಕ ಕಡೆ ಖಾಲಿ ಇದೆ.

ಹಣ ಬಂದಿದೆ, ಬಳಕೆ?

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಮೀಸಲಿಟ್ಟ ಮೊತ್ತ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಇ-ಪತ್ರಿಕೆಗಳನ್ನು ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ತಲುಪಿಸುವುದು ಇದರ ಗುರಿ. ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರಿಗೆ ಪ್ರಯೋಜನವಾಗಲಿದೆ ಎಂದು ಸರ್ಕಾರ ಹೇಳಿತ್ತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಹೊಣೆ ಹೊತ್ತಿದೆ. ಮೊದಲ ಹಂತದಲ್ಲಿ ಖಾಸಗಿ ಸಂಸ್ಥೆಗಳು ಸೇರಿರಲಿಲ್ಲ ಎಂಬ ಕೊರತೆಯನ್ನು ಒಪ್ಪಿಕೊಂಡರೂ, ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗೆ ಇಷ್ಟು ದೊಡ್ಡ ಭಂಡಾರ ಹಿಂದೆಂದೂ ದಕ್ಕಿರಲಿಲ್ಲ.

ಇದೇ ಮೊದಲ ಪ್ರಯತ್ನವೂ ಅಲ್ಲ. ಕಾಲೇಜುಗಳಿಗೆ ಇ-ಪುಸ್ತಕ ಮತ್ತು ಇ-ಪತ್ರಿಕೆಗಳನ್ನು ಒದಗಿಸುವ 'ಎನ್-ಲಿಸ್ಟ್' 2010ರಲ್ಲಿ ಬಂತು. ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ನಿಯಮ ರೂಪಿಸಿತು. ಅದರ ಫಲವಾಗಿ 'ಶೋಧಗಂಗಾ'ದಲ್ಲಿ ಇಂದು ಲಕ್ಷಗಟ್ಟಲೆ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಕನ್ನಡದಲ್ಲೇ ಬರೆದವೂ ಇವೆ. ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ನಿಘಂಟುಗಳನ್ನೂ ಜ್ಞಾನಕೋಶಗಳನ್ನೂ ಒಂದೆಡೆ ತಂದಿದೆ.

ಪಟ್ಟಿ ದೊಡ್ಡದು. ಆದರೆ ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗಳನ್ನು ಕೇಳಿದರೆ ಈ ಹೆಸರುಗಳಲ್ಲಿ ಒಂದೆರಡನ್ನು ಗುರುತಿಸುವವರೂ ವಿರಳ. ಚಂದಾ ಕಟ್ಟಿದ ಪತ್ರಿಕೆಯ ಲೇಖನವನ್ನು ವಿದ್ಯಾರ್ಥಿ ಮನೆಯಿಂದ ಮೊಬೈಲಿನಲ್ಲಿ ತೆರೆಯಲು ಹೋದಾಗ ಮೂವತ್ತು, ನಲವತ್ತು ಡಾಲರ್ ಬೆಲೆಯ ಪರದೆ ಎದುರಾಗುತ್ತದೆ. ತನ್ನ ವಿಶ್ವವಿದ್ಯಾಲಯದ ಹೆಸರನ್ನು ಆಯ್ದು, ಗ್ರಂಥಾಲಯ ನೀಡುವ ಗುರುತಿನೊಂದಿಗೆ ಒಳಹೋದರೆ ಅದೇ ಲೇಖನ ಬಿಡಿಗಾಸಿಲ್ಲದೆ ಸಿಗುತ್ತದೆ ಎಂಬುದು ಆತನಿಗೆ ತಿಳಿಯದು. ಸರ್ಕಾರ ಈಗಾಗಲೇ ಬೆಲೆ ತೆತ್ತಿರುವ ಬರಹವನ್ನು ದುಬಾರಿಯೆಂದು ಬಿಟ್ಟು ಹಿಂದಿರುಗುವ ವಿದ್ಯಾರ್ಥಿಗೆ ಬೇಕಾಗಿದ್ದುದು ಹತ್ತು ನಿಮಿಷದ ತಿಳಿವಳಿಕೆ ಮಾತ್ರ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಕಣ್ಣೆದುರೇ ಇದೆ. ಪ್ರವೇಶ, ಶುಲ್ಕ, ಪರೀಕ್ಷೆ ಎಲ್ಲಕ್ಕೂ ಬಳಸುವ 'ಯುಯುಸಿಎಂಎಸ್' ತಂತ್ರಾಂಶವನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಯೂ ಕೆಲವೇ ವಾರಗಳಲ್ಲಿ ಕಲಿಯುತ್ತಾನೆ. ಅದನ್ನು ಕಲಿಯದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಸೈಬರ್ ಕೇಂದ್ರದವರು, ಹಿರಿಯ ವಿದ್ಯಾರ್ಥಿಗಳು, ಕಚೇರಿ ಗುಮಾಸ್ತರು ಹೀಗೆ ಯಾರಾದರೊಬ್ಬರು ಹೇಳಿಕೊಡುತ್ತಾರೆ. ಗ್ರಂಥಾಲಯದ ಸಂಪನ್ಮೂಲಗಳಿಗೆ ಅಂಥ ಒತ್ತಡವೂ ಇಲ್ಲ, ಹೇಳಿಕೊಡುವವರೂ ಇಲ್ಲ. ತಂತ್ರಜ್ಞಾನ ಕಲಿಯುವ ಶಕ್ತಿ ವಿದ್ಯಾರ್ಥಿಗಳಿಗಿಲ್ಲ ಎಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ.

ಬೆಂಗಳೂರಿನಲ್ಲಿ ನೆಲೆಸಿದ್ದ ಗುರುವಿನ ಮಾತು

ಹೊಸ ವಿದ್ಯಾರ್ಥಿಗೆ ಗ್ರಂಥಾಲಯವನ್ನು ಪರಿಚಯಿಸುವುದು ಒಂದು ಉಪಕಾರವಲ್ಲ, ಗ್ರಂಥಪಾಲಕನ ಮೂಲ ಕರ್ತವ್ಯಗಳಲ್ಲೊಂದು ಎಂದು ಪ್ರತಿಪಾದಿಸಿದವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳು ಜಗತ್ತಿನ ಗ್ರಂಥಾಲಯ ಶಾಲೆಗಳಲ್ಲಿ ಇಂದಿಗೂ ಪಾಠವಾಗಿವೆ. ಬದುಕಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದ ಅವರು, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲಿಯೇ ನಿಧನರಾದರು.

ಓದುಗನಿಗೆ ನೀಡುವ ನೆರವನ್ನು ವಿಂಗಡಿಸುವಾಗ ರಂಗನಾಥನ್ ಹೊಸಬರ ದೀಕ್ಷೆಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಪುಸ್ತಕಗಳನ್ನು ಯಾವ ಕ್ರಮದಲ್ಲಿ ಜೋಡಿಸಲಾಗಿದೆ, ಸೂಚಿಯನ್ನು ಓದುವುದು ಹೇಗೆ, ಆಕರ ಗ್ರಂಥವನ್ನು ಬಳಸುವುದು ಹೇಗೆ ಎಂಬುದನ್ನು ಹೊಸದಾಗಿ ಬಂದವನಿಗೆ ಕಲಿಸದಿದ್ದರೆ ಉಳಿದೆಲ್ಲ ಸೇವೆಯೂ ನಿಷ್ಫಲ ಎಂಬುದು ಈ ಚಿಂತನೆಯ ತಿರುಳು. ಓದುಗನ ಸಮಯ ಉಳಿಯಬೇಕೆಂಬ ಅವರ ನಾಲ್ಕನೆಯ ಸೂತ್ರವೂ ಇದನ್ನೇ ಬೇಡುತ್ತದೆ. ಧನಸಹಾಯ ಆಯೋಗ 2019ರಲ್ಲಿ ಹೊರತಂದ 'ದೀಕ್ಷಾರಂಭ' ಎಂಬ ಪರಿಚಯ ಕಾರ್ಯಕ್ರಮದ ಮಾರ್ಗದರ್ಶಿ ಹೆಸರಿನಲ್ಲಿ ಆ ದೀಕ್ಷೆಯನ್ನು ನೆನಪಿಸುತ್ತದೆ. ಆದರೆ ಆಚರಣೆಯಲ್ಲಿ ಅದು ಅರ್ಧ ಗಂಟೆಯ ಸುತ್ತಾಟಕ್ಕೆ ಇಳಿದಿದೆ.

ಸಂಕೋಚದ ಗೋಡೆ

ವಿದ್ಯಾರ್ಥಿ ಏಕೆ ಕೇಳುವುದಿಲ್ಲ ಎಂಬ ಪ್ರಶ್ನೆಗೆ ಅಮೆರಿಕದ ಅಧ್ಯಯನವೊಂದು ಉತ್ತರ ಒದಗಿಸಿದೆ. ಅಲ್ಲಿನ ಕಾನ್‌ಸ್ಟನ್ಸ್ ಮೆಲ್ಲನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 6,000 ವಿದ್ಯಾರ್ಥಿಗಳ ಅನುಭವ ಸೇರಿತ್ತು. ಗ್ರಂಥಾಲಯದ ಬಗೆಗಿನ ಮೊದಲ ಅನಿಸಿಕೆಯನ್ನು ಶೇ 75ರಿಂದ 85ರಷ್ಟು ಮಂದಿ ಭಯದ ಮಾತುಗಳಲ್ಲಿ ಬಣ್ಣಿಸಿದ್ದರು. ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ, ಕೇಳಿದರೆ ಅಜ್ಞಾನ ಬಯಲಾಗುತ್ತದೆ ಎಂಬ ಅಳುಕು ಅದರ ಮೂಲದಲ್ಲಿತ್ತು.

ಮನೆಯಲ್ಲೂ ಊರಲ್ಲೂ ಪುಸ್ತಕಗಳ ಬಳಕೆ ಇದ್ದ ಸಮಾಜದಲ್ಲೇ ಈ ಸ್ಥಿತಿ. ಕುಟುಂಬದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಬೀಗ ಹಾಕಿದ ಎರಡು ಬೀರುಗಳನ್ನೇ ಶಾಲೆಯ ಗ್ರಂಥಾಲಯವೆಂದು ಕಂಡ ವಿದ್ಯಾರ್ಥಿನಿಯ ಅಳುಕನ್ನು ಊಹಿಸುವುದು ಕಷ್ಟವಲ್ಲ. ಅವಳ ಎದುರು ಮೂರು ಅಂತಸ್ತಿನ ಕಟ್ಟಡವಿದೆ. ಫಲಕಗಳು ಇಂಗ್ಲಿಷಿನಲ್ಲಿವೆ. ಕೌಂಟರಿನ ಹಿಂದೆ ಕುಳಿತವರು ತಲೆಯೆತ್ತುವುದಿಲ್ಲ. 'ಓಪ್ಯಾಕ್‌ನಲ್ಲಿ ನೋಡಿಕೊಳ್ಳಿ' ಎಂಬ ಒಂದು ಉತ್ತರ ಸಿಕ್ಕರೆ ಅವಳು ಮತ್ತೆ ಆ ಕಡೆ ಸುಳಿಯುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಇಡೀ ಅವಧಿಗೆ ಪಠ್ಯಪುಸ್ತಕ ನೀಡುವ ಬುಕ್ ಬ್ಯಾಂಕ್ ಸೌಲಭ್ಯ ತನಗಿದೆ ಎಂಬುದೂ ಅವಳಿಗೆ ತಿಳಿಯುವುದು ಸೆಮಿಸ್ಟರ್ ಮುಗಿದ ಮೇಲೆಯೇ. ಅನುಕೂಲಸ್ಥರು ಪುಸ್ತಕ ಕೊಳ್ಳುತ್ತಾರೆ, ಬಲ್ಲವರನ್ನು ಕೇಳುತ್ತಾರೆ. ಗ್ರಂಥಾಲಯದ ಮೌನದಿಂದ ಹೆಚ್ಚು ನಷ್ಟವಾಗುವುದು ಗ್ರಂಥಾಲಯದ ಹೊರತು ಬೇರೆ ಗತಿಯಿಲ್ಲದವರಿಗೆ.

ಕನ್ನಡ ಪುಸ್ತಕ ಹುಡುಕುವ ಕಷ್ಟ

ಕನ್ನಡ ಪುಸ್ತಕವನ್ನೇ ಅರಸಿ ಬಂದವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಗ್ರಂಥಾಲಯಗಳು ಗಣಕೀಕರಣಗೊಂಡ ಕಾಲದಲ್ಲಿ ಕನ್ನಡ ಅಕ್ಷರಗಳಿಗೆ ಏಕರೂಪದ ಸಂಕೇತ ವ್ಯವಸ್ಥೆ ಬಳಕೆಗೆ ಬಂದಿರಲಿಲ್ಲ. ಹೀಗಾಗಿ ಹಲವೆಡೆ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸಲಾಯಿತು. ಅದಕ್ಕೂ ಒಂದು ಪದ್ಧತಿ ಇರಲಿಲ್ಲ. 'ಮಲೆಗಳಲ್ಲಿ' ಎಂಬ ಒಂದೇ ಪದವನ್ನು ಒಬ್ಬ ಸಹಾಯಕರು ಒಂದು 'ಎಲ್' ಹಾಕಿ ಬರೆದರೆ, ಇನ್ನೊಬ್ಬರು ಎರಡು ಹಾಕಿ ಬರೆದರು. ಇಂದು ವಿದ್ಯಾರ್ಥಿ ಕನ್ನಡದಲ್ಲೇ ಅಚ್ಚುಕಟ್ಟಾಗಿ ಹೆಸರು ಟೈಪಿಸಿದರೆ, ನಾಲ್ಕು ಪ್ರತಿಗಳಿರುವ ಕಾದಂಬರಿಗೂ ಯಂತ್ರ ಇಲ್ಲವೆಂದೇ ಉತ್ತರಿಸುತ್ತದೆ.

ಲೇಖಕರ ಹೆಸರಿನದೂ ಇದೇ ಪಾಡು. ಕುವೆಂಪು ಎಂದು ಹುಡುಕಿದವನಿಗೆ ಕೆ.ವಿ. ಪುಟ್ಟಪ್ಪ ಎಂಬ ಹೆಸರಿನಲ್ಲಿ ದಾಖಲಾದ ಕೃತಿ ಕಾಣದಿರಬಹುದು. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ತ.ರಾ.ಸು. ಮತ್ತು ಸುಬ್ಬರಾವ್ ಒಬ್ಬರೇ ಎಂಬುದನ್ನು ಯಾರಾದರೂ ತಿಳಿಸಿ ಜೋಡಿಸದ ಹೊರತು ಸೂಚಿಗೆ ಗೊತ್ತಾಗದು. ಅನುಭವಿ ಗ್ರಂಥಾಲಯ ಸಹಾಯಕರಿಗೆ ಇದು ಬೆರಳ ತುದಿಯಲ್ಲಿರುತ್ತದೆ.

ಕಪಾಟುಗಳ ಕ್ರಮವೂ ಹೊಸಬರಿಗೆ ಒಗಟು. ರಾಜ್ಯದ ಹೆಚ್ಚಿನ ಶೈಕ್ಷಣಿಕ ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಾವ್ಯ 894.8141 ಆದರೆ, ಕಥೆ ಕಾದಂಬರಿಗಳು 894.8143. ಆದರೆ ಕನ್ನಡ ಭಾಷೆ ಮತ್ತು ವ್ಯಾಕರಣ 494.814ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ, ಜಾನಪದ 398ರಲ್ಲಿ ಕುಳಿತಿರುತ್ತವೆ. ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿ ಒಂದೇ ಪ್ರಬಂಧಕ್ಕಾಗಿ ನಾಲ್ಕು ಮೂಲೆಗಳಿಗೆ ಹೋಗಬೇಕಾಗುತ್ತದೆ. ಈ ಸಂಖ್ಯೆಗಳ ಹಿಂದಿನ ತರ್ಕವನ್ನು ಕಾಲು ಗಂಟೆಯಲ್ಲಿ ವಿವರಿಸಬಹುದು. ವಿವರಿಸದಿದ್ದರೆ ಮೂರು ವರ್ಷ ಕಳೆದರೂ ಅದು ತಾನಾಗಿ ತಿಳಿಯುವುದಿಲ್ಲ.

ಕಾವಲುಗಾರನೋ, ಮಾರ್ಗದರ್ಶಕನೋ?

ಇದರ ಹೊಣೆಯನ್ನೆಲ್ಲ ಸಿಬ್ಬಂದಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಪುಸ್ತಕ ಕಳೆದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಏಳುತ್ತದೆ, ಉತ್ತರಿಸಬೇಕಾದವರು ಗ್ರಂಥಪಾಲಕರು. ಆದ್ದರಿಂದ ಪುಸ್ತಕ ಕಾಯುವುದೇ ಕೆಲಸವೆಂಬ ಮನೋಧರ್ಮ ಬೆಳೆದುಬಂದಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷವೊಂದರಲ್ಲಿ ಎರವಲು ಅಥವಾ ಪರಾಮರ್ಶನೆಗೆ ಬಳಕೆಯಾದ ಪ್ರತಿ ಸಾವಿರ ಪುಸ್ತಕಗಳಿಗೆ ಐದರ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜವೆಂದು ಒಪ್ಪುತ್ತವೆ. ಬಳಸಿದರೆ ಒಂದಿಷ್ಟು ಸವೆತ ಅನಿವಾರ್ಯ ಎಂಬ ಈ ವಿವೇಕ ನಮ್ಮ ಕ್ಯಾಂಪಸ್ಸುಗಳಲ್ಲಿ ಇನ್ನೂ ಬೇರೂರಿಲ್ಲ.

ಇನ್ನು ಸಿಬ್ಬಂದಿಯ ಸಂಖ್ಯೆ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ಆಗದೆ, ರಾಜ್ಯದ ಹಲವು ಸರ್ಕಾರಿ ಕಾಲೇಜುಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯದ ಹುದ್ದೆಗಳು ಖಾಲಿ ಉಳಿದಿವೆ. ಕೆಲವೆಡೆ ಅಧ್ಯಾಪಕರೊಬ್ಬರು ಹೆಚ್ಚುವರಿ ಹೊಣೆಯಾಗಿ ಗ್ರಂಥಾಲಯ ನೋಡಿಕೊಳ್ಳುತ್ತಾರೆ, ಕೆಲವೆಡೆ ಅಟೆಂಡರ್ ಒಬ್ಬರೇ ಬಾಗಿಲು ತೆರೆದು ಮುಚ್ಚುತ್ತಾರೆ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಬಾಕಿ ಇಲ್ಲವೆಂಬ ಪ್ರಮಾಣಪತ್ರಕ್ಕೆ ಮೊಹರು ಒತ್ತುವುದು ಇಷ್ಟರಲ್ಲೇ ದಿನ ಮುಗಿಯುತ್ತದೆ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರನ್ನು ರಾಜ್ಯದ ವಿಶ್ವವಿದ್ಯಾಲಯಗಳೇ ಪ್ರತಿ ವರ್ಷ ಹೊರತರುತ್ತಿವೆ. ಅವರ ಅಗತ್ಯ ಹೆಚ್ಚಿರುವ ಕಾಲದಲ್ಲೇ ಅವರಿಗೆ ಉದ್ಯೋಗವಿಲ್ಲ.

2022-23ರಲ್ಲಿ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ ಮತ್ತು ಬಾಗಲಕೋಟೆಗಳಲ್ಲಿ ಸ್ಥಾಪನೆಯಾದ ಏಳು ವಿಶ್ವವಿದ್ಯಾಲಯಗಳನ್ನು ಇಲ್ಲಿ ನೆನೆಯಬೇಕು. ಬಹುತೇಕ ಹಳೆಯ ಸ್ನಾತಕೋತ್ತರ ಕೇಂದ್ರಗಳ ನೆಲೆಯ ಮೇಲೆ ನಿಂತ ಇವುಗಳಿಗೆ, ಮೈಸೂರು ಅಥವಾ ಧಾರವಾಡದಂತೆ ದಶಕಗಳ ಕಾಲ ಕೂಡಿಟ್ಟ ಪುಸ್ತಕ ಸಂಪತ್ತಿಲ್ಲ. ಹಣಕಾಸಿನ ಕೊರತೆಯ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳ ಅಸ್ತಿತ್ವದ ಪ್ರಶ್ನೆಯೇ 2025ರಲ್ಲಿ ಚರ್ಚೆಗೆ ಬಂದಿತ್ತು. ಇಂಥ ಕಡೆ ವಿದ್ಯುನ್ಮಾನ ಭಂಡಾರವೇ ದೊಡ್ಡ ಆಸರೆ. ಅದನ್ನು ತೆರೆದು ತೋರಿಸುವ ಒಬ್ಬ ತರಬೇತಾದ ಗ್ರಂಥಪಾಲಕ, ಇಲ್ಲಿ ಒಂದು ಹೊಸ ಕಟ್ಟಡಕ್ಕಿಂತ ಹೆಚ್ಚು ಬೆಲೆಬಾಳುತ್ತಾನೆ.

ತಲೆ ಎಣಿಕೆಯ ಅಳತೆ

ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ 2017ರಲ್ಲಿ ಜಾರಿಗೆ ತಂದ ಪರಿಷ್ಕೃತ ಚೌಕಟ್ಟು ಗ್ರಂಥಾಲಯದ ಗಣಕೀಕರಣ, ಇ-ಸಂಪನ್ಮೂಲಗಳ ಚಂದಾ, ವಾರ್ಷಿಕ ವೆಚ್ಚ ಮತ್ತು ದಿನನಿತ್ಯದ ಬಳಕೆದಾರರ ಪ್ರಮಾಣವನ್ನು ಕೇಳಿತು. ಹೊಸ ವಿದ್ಯಾರ್ಥಿ ತನಗೆ ಬೇಕಾದುದನ್ನು ತಾನೇ ಹುಡುಕಲು ಕಲಿತನೇ ಎಂಬುದಕ್ಕೆ ಅದರಲ್ಲಿ ನೇರ ಅಳತೆಗೋಲು ಇರಲಿಲ್ಲ. ಅಳೆಯುವುದಕ್ಕೆ ತಕ್ಕಂತೆ ಸಂಸ್ಥೆಗಳು ನಡೆಯುತ್ತವೆ. ಹಾಜರಿ ಪುಸ್ತಕದ ಸಹಿಗಳನ್ನು ಎಣಿಸಿದರೆ ಸಾಕಾಗುತ್ತದೆ.

ಆ ಸಹಿಗಳೂ ದಾರಿ ತಪ್ಪಿಸುತ್ತವೆ. ವಿಶ್ವವಿದ್ಯಾಲಯಗಳ ಓದುವ ಕೊಠಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತವರಲ್ಲಿ ಬಹಳಷ್ಟು ಮಂದಿ ಕೆಎಎಸ್, ಎಫ್‌ಡಿಎ, ಪಿಎಸ್‌ಐ ಮುಂತಾದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರು. ಅವರು ತಮ್ಮ ಪುಸ್ತಕಗಳನ್ನು ತಾವೇ ತರುತ್ತಾರೆ. ಬೇಕಾಗಿರುವುದು ಬೆಳಕು, ಫ್ಯಾನು ಮತ್ತು ನಿಶ್ಶಬ್ದ. ಬಾಡಿಗೆ ಕೋಣೆಯಲ್ಲಿ ಓದಲಾಗದವರಿಗೆ ಇದು ದೊಡ್ಡ ನೆರವೇ ಸರಿ, ಅದನ್ನು ಕಡೆಗಣಿಸಲಾಗದು. ಆದರೆ ಆಸನಗಳು ತುಂಬಿರುವುದರಿಂದ ಕಪಾಟುಗಳೂ ಪತ್ರಿಕೆಗಳೂ ಬಳಕೆಯಾಗುತ್ತಿವೆ ಎಂದು ತೀರ್ಮಾನಿಸಿದರೆ ಅದು ಆತ್ಮವಂಚನೆ.

ಇಲ್ಲದ ಪುಸ್ತಕಗಳ ಹುಡುಕಾಟ

ಮೊಬೈಲ್ ಇರುವಾಗ ಗ್ರಂಥಾಲಯದವರ ಹಂಗೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಸಿಗುವುದು ಸುಲಭವಾದಷ್ಟೂ ಅದರ ಸತ್ಯಾಸತ್ಯತೆ ಅರಿಯುವುದು ಕಷ್ಟವಾಗಿದೆ ಎಂಬುದೇ ಇದಕ್ಕೆ ಸಮಾಧಾನ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ, ಬರೆಯದ ಪುಸ್ತಕ ಹಾಗೂ ಪ್ರಕಟವಾಗದ ಲೇಖನಗಳ ಹೆಸರು ಹಿಡಿದು ವಿದ್ಯಾರ್ಥಿಗಳು ಕೌಂಟರಿಗೆ ಬರುತ್ತಿರುವುದನ್ನು ಹಲವು ದೇಶಗಳ ಗ್ರಂಥಪಾಲಕರು ಗಮನಕ್ಕೆ ತಂದಿದ್ದಾರೆ. ಯಂತ್ರ ಕಟ್ಟಿದ ಆ ಹೆಸರುಗಳು ನಿಜದಂತೆಯೇ ಕಾಣುತ್ತವೆ. ಸೂಚಿಯಲ್ಲಿ ಹುಡುಕಿ ನೋಡುವುದನ್ನು ಬಲ್ಲವನಿಗೆ ಮಾತ್ರ ಅವು ಸುಳ್ಳೆಂದು ತಿಳಿಯುತ್ತದೆ.

ಇದರ ಪರಿಣಾಮ ಕೇವಲ ಅಂಕಗಳಿಗೆ ಸೀಮಿತವಲ್ಲ. ಧನಸಹಾಯ ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದನ್ನು ಮೀರಿದರೆ ಪ್ರಬಂಧ ತಿದ್ದಿ ಬರೆಯುವುದರಿಂದ ಆರಂಭಿಸಿ, ಶೇ 60 ದಾಟಿದಾಗ ನೋಂದಣಿ ರದ್ದಾಗುವವರೆಗೆ ಶಿಕ್ಷೆ ಇದೆ. ಇದೇ ನಿಯಮಗಳು ವಿದ್ಯಾರ್ಥಿಗಳಲ್ಲಿ ಅರಿವು ಮೂಡಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಿವೆ. ಪದವಿಯ ಮೊದಲ ವರ್ಷದಲ್ಲಿ ಆಕರ ನಮೂದಿಸುವುದನ್ನು ಯಾರೂ ಕಲಿಸದೆ, ಏಳೆಂಟು ವರ್ಷಗಳ ಬಳಿಕ ಪಿಎಚ್‌ಡಿ ಹಂತದಲ್ಲಿ ತಪ್ಪು ಹಿಡಿದು ಶಿಕ್ಷಿಸುವುದು ಯಾವ ನ್ಯಾಯ?

ಆಗಬೇಕಾದದ್ದು

ಪರಿಹಾರಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮೊದಲನೆಯದು ಸಮಯ. ಏನನ್ನೂ ಹುಡುಕುವ ಅಗತ್ಯವಿಲ್ಲದ ಮೊದಲ ವಾರದಲ್ಲಿ ಹೇಳಿದ್ದು ಮನಸ್ಸಿನಲ್ಲಿ ನಿಲ್ಲದು. ಮೊದಲ ಅಸೈನ್‌ಮೆಂಟ್ ಕೊಟ್ಟ ವಾರದಲ್ಲಿ, ಹದಿನೈದು ಇಪ್ಪತ್ತು ಮಂದಿಯ ಸಣ್ಣ ತಂಡಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಅವರದೇ ವಿಷಯವನ್ನು ಹುಡುಕಿಸಿದರೆ ಒಂದು ಗಂಟೆಯಲ್ಲಿ ಆಗುವ ಕಲಿಕೆ, ಹತ್ತು ಸುತ್ತಾಟಗಳಿಂದ ಆಗದು.

ಎರಡನೆಯದು ಅಧ್ಯಾಪಕರ ಪಾಲು. ಎರಡು ಪುಸ್ತಕ, ಒಂದು ವಿದ್ವತ್ ಲೇಖನದ ನಿಜವಾದ ಉಲ್ಲೇಖವಿಲ್ಲದೆ ಅಸೈನ್‌ಮೆಂಟ್ ಸ್ವೀಕರಿಸುವುದಿಲ್ಲವೆಂದು ವಿಭಾಗಗಳು ನಿಶ್ಚಯಿಸಿದರೆ, ಯುಯುಸಿಎಂಎಸ್ ಕಲಿತವರು ಇದನ್ನೂ ಕಲಿಯುತ್ತಾರೆ. ಮೂರನೆಯದು ಭಾಷೆ. ಮನೆಯಿಂದ ಲಾಗಿನ್ ಆಗುವ ಬಗೆ, ಸೂಚಿಯಲ್ಲಿ ಹುಡುಕುವ ಬಗೆ, ಬುಕ್ ಬ್ಯಾಂಕ್‌ನ ನಿಯಮ ಇವನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಲು ಯಾರ ಅನುಮತಿಯೂ ಬೇಕಿಲ್ಲ. ಕನ್ನಡ ಪುಸ್ತಕಗಳ ದಾಖಲೆಗಳನ್ನು ಕನ್ನಡ ಲಿಪಿಗೆ ತರುವುದು ಶ್ರಮದ ಕೆಲಸ ನಿಜ. ಆದರೆ ಇಂದು ಬಳಕೆಯಲ್ಲಿರುವ 'ಕೋಹಾ'ದಂಥ ಮುಕ್ತ ತಂತ್ರಾಂಶಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಒಂದು ವಿಶ್ವವಿದ್ಯಾಲಯ ತಿದ್ದಿದ ದಾಖಲೆಯನ್ನು ಉಳಿದವು ಎರವಲು ಪಡೆದರೆ ಹೊರೆ ಹಂಚಿಹೋಗುತ್ತದೆ.

ನಾಲ್ಕನೆಯದು, ಮೂರನ್ನೂ ಹೊರುವ ಜನ. ಖಾಲಿ ಹುದ್ದೆಗಳನ್ನು ತುಂಬದೆ, ಪ್ರತಿ ಗ್ರಂಥಾಲಯದಲ್ಲಿ ವಿಚಾರಿಸಲೆಂದೇ ಒಂದು ಮೇಜು, ಅದರ ಹಿಂದೆ ತಲೆಯೆತ್ತಿ ಮಾತನಾಡಿಸುವ ಒಬ್ಬರು ಇರುವಂತೆ ನೋಡಿಕೊಳ್ಳದೆ, ಉಳಿದೆಲ್ಲ ಸಲಹೆಗಳೂ ಕಾಗದದಲ್ಲೇ ಉಳಿಯುತ್ತವೆ. ಈ ಖರ್ಚು ಚಂದಾ ಮೊತ್ತದ ಮುಂದೆ ದೊಡ್ಡದಲ್ಲ.

ರಾಜ್ಯ ಸರ್ಕಾರ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೊರಳಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮದ ಬಗ್ಗೆ ಅಷ್ಟೆಲ್ಲ ಚರ್ಚೆ ನಡೆದರೂ, ವಿದ್ಯಾರ್ಥಿ ತಾನೇ ಓದಿ ಕಲಿಯುವುದು ಹೇಗೆ ಎಂಬ ಪ್ರಶ್ನೆ ಎಲ್ಲೂ ಮುನ್ನೆಲೆಗೆ ಬರಲಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶಗಳನ್ನು ಸರ್ಕಾರ ಕೊಂಡು ತಂದಿದೆ. ಅವುಗಳನ್ನು ತೆರೆದು ಇಲ್ಲಿಂದ ಓದು ಎಂದು ಮೊದಲ ಪುಟ ತೋರಿಸುವವರನ್ನು ನೇಮಿಸುವ ಕೆಲಸ ಬಾಕಿ ಇದೆ.